ತೊಟ್ಟಿಯಿಲ್ಲದ ಹಡಗಿನಲ್ಲಿ ಎಳೆಮಕ್ಕಳ ಸಂಜೆ ಸ್ನಾನ

ಹಡಗು ಪ್ರಯಾಣಿಕರ ಸೌಕರ್ಯ ವಿಭಾಗ
(ಅಸೌಕರ್ಯ ಶಾಖೆ)

ಸಂಖ್ಯೆ: ಹಪ್ರಸೌ/ಅಶಾ/ಬೋಸಿ/೧೪/ಹಬ್ಬ

ಸುತ್ತೋಲೆ

ವಿಷಯ: ಜಾವಾದ ಸುರಬಾಯದಿಂದ ಕಡಲಾಚೆಯ ಮಕಾಸ್ಸರಿಗೆ ರಂಜಾನ್ ಹಬ್ಬಕ್ಕೆಂದು ಹಡಗಿನಲ್ಲಿ ಹೋಗುವ ಎಳೆಮಕ್ಕಳಿಗೆ ತೊಟ್ಟಿ, ಟಬ್ಬು ಇತ್ಯಾದಿ ಇಲ್ಲದೆ ಸಂಜೆಯ ಸ್ನಾನ ಮಾಡಿಸುವ ಬಗ್ಗೆ.

ಉಲ್ಲೇಖ:
(೧) ಹಡಗಿನ ಮುಖ್ಯ ಅಡುಗೆಯವರಾದ ಪಾಕ್ (ಎಂದರೆ ಯಜಮಾನರು) ತುಕಿರಾನ್ ಅವರ ದೂರು (ಮೌಖಿಕ, ಏರುದನಿಯಲ್ಲಿ).
(೨) ಪ್ರಯಾಣಿಕರಾದ ಬು (ಎಂದರೆ ಅಮ್ಮ) ವಿದಾರ್ತಿ ಅವರ ವಿವರಣೆ (ಮೌಖಿಕ, ಇನ್ನೂ ಏರುದನಿಯಲ್ಲಿ).
(೩) ಇವರ ಮಗಳು ಕುಮಾರಿ ಗೆಂದಿಸ್, ವಯಸ್ಸು ಒಂದೂವರೆ, ಇವರ ಅಳು (ಎಲ್ಲ ಅಂತಸ್ತುಗಳಲ್ಲಿ ಸ್ವೀಕೃತವಾಗಿದೆ).

ಪ್ರಸ್ತಾವನೆ:

ಸಂಜೆ ನಾಲ್ಕಕ್ಕೆ ಮಗುವಿಗೆ ಸ್ನಾನ ಮಾಡಿಸಿ, ಹೊಟ್ಟೆಗೆ ತೆಲೋನ್ ಎಣ್ಣೆ ಸವರಿ, ಮುಖಕ್ಕೆ ಬೆಳ್ಳಗೆ ಪೌಡರ್ ಬಳಿದು ಬೀದಿಗೆ ತರುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. "ಸ್ನಾನ ಆಯ್ತಾ?" ಎಂದು ಕೇಳದೆ ಅಕ್ಕಪಕ್ಕದವರು ಮಗುವನ್ನು ಮಾತನಾಡಿಸುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಸ್ನಾನ ಮಾಡಿಸಿದರೆ ಮಗುವಿನ ಮೈಗೆ ಗಾಳಿ ಹೊಗುತ್ತದೆ. ಈ ಅಂಶಗಳನ್ನು ವಿಭಾಗವು ಪ್ರಶ್ನಿಸುವುದಿಲ್ಲ, ಏಕೆಂದರೆ ವಿಭಾಗಕ್ಕೂ ತಾಯಿಯಿದ್ದಾರೆ.

ಮಕಾಸ್ಸರಿನ ಗಡಿಯಾರವು ಸುರಬಾಯದ್ದಕ್ಕಿಂತ ಒಂದು ಗಂಟೆ ಮುಂದಿದೆ. ಆದ್ದರಿಂದ ನಡುಗಡಲಿನಲ್ಲಿ ಹಡಗಿನ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಲಾಯಿತು. ಈ ವಿಷಯವನ್ನು ಧ್ವನಿವರ್ಧಕದಲ್ಲಿ ಸಾರಿದಾಗ ಪ್ರಯಾಣಿಕರೆಲ್ಲರೂ ನಿದ್ರಿಸುತ್ತಿದ್ದರು. ಸಿಗ್ನಲ್ ಇಲ್ಲದ ಕಾರಣ ಅವರ ಫೋನುಗಳೂ ನಿದ್ರಿಸುತ್ತಿದ್ದವು. ಪರಿಣಾಮವಾಗಿ, ತಾಯಂದಿರು ತಮ್ಮ ನಾಲ್ಕು ಗಂಟೆಗೆ ಸೋಪು, ಚೊಂಬು, ಮಗು ಸಮೇತ ಹಾಜರಾದಾಗ ಹಡಗಿನಲ್ಲಿ ಐದಾಗಿತ್ತು. ಸಿಹಿನೀರಿನ ನಲ್ಲಿಗಳನ್ನು ನಿಯಮಾನುಸಾರ ನಾಲ್ಕೂವರೆಗೇ ಬಂದ್ ಮಾಡಲಾಗಿತ್ತು. ದೂರದಲ್ಲಿ ದಡ ಕಾಣುತ್ತಿತ್ತು. ಸೂರ್ಯನು ನಿಯಮಾನುಸಾರ ಇಳಿಯುತ್ತಿದ್ದನು.

ಇತರ ತಾಯಂದಿರು ವಿಭಾಗವನ್ನು ಬೈದು ಹಿಂದಿರುಗಿದರು. ಬು ವಿದಾರ್ತಿ ಹಿಂದಿರುಗಲಿಲ್ಲ. ದಡದಲ್ಲಿ ಅವರ ಅತ್ತೆ ದಾಯೆಂಗ್ ಬಾಜಿ ಕಾಯುತ್ತಿದ್ದರು. ಮಗ ಜಾವಾದ ಹುಡುಗಿಯನ್ನು ಕಟ್ಟಿಕೊಂಡನೆಂಬ ಸಿಟ್ಟಿನಲ್ಲಿ ಅವರು ಮದುವೆಗೂ ಬಂದವರಲ್ಲ, ಬಾಣಂತನಕ್ಕೂ ಬಂದವರಲ್ಲ. ಮೊಮ್ಮಗಳನ್ನು ನೋಡುವುದು ಇದೇ ಮೊದಲು. ಮಗನಿಗೆ ರಜೆ ಸಿಗದೆ ಸೊಸೆಯೊಬ್ಬಳೇ ಬರುತ್ತಿದ್ದಳು. ನಮ್ಮ ಅಜ್ಜಿಯರು ಮಗುವನ್ನು ಎತ್ತಿಕೊಂಡ ಕೂಡಲೇ ಕುತ್ತಿಗೆಗೆ ಮೂಗಿಟ್ಟು ಮೂಸುತ್ತಾರೆ. ಮುತ್ತು ಎಂದರೆ ಅದೇ. ತಾಯಿ ಕಲಿತದ್ದೆಲ್ಲ, ಬೆಳೆಸಿದ್ದೆಲ್ಲ ಆ ಒಂದು ಮೂಸುವಿಕೆಯಲ್ಲಿ ತೀರ್ಮಾನವಾಗುತ್ತದೆ.

ಸಿಹಿನೀರು ಉಳಿದಿದ್ದ ಅಡುಗೆಮನೆಗೆ ಅವರು ಮಗು ಸಮೇತ ನುಗ್ಗಿದಾಗ ನಡೆದ ಮಾತುಕತೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

"ಅಯ್ಯೋ ಬು, ಅದು ಅಕ್ಕಿ ತೊಳೆಯೋ ಬೋಸಿ! ಉಪವಾಸ ಬಿಡೋರಿಗೆ ಅನ್ನ ಆಗ್ಬೇಕು!"

"ನಿಮ್ಮ ಅಕ್ಕಿಗೆ ಅತ್ತೆ ಇಲ್ಲ ಪಾಕ್. ನಂಗಿದ್ದಾರೆ. ಈಚೆ ಕೊಡಿ."

"ಅಕ್ಕಿ ನೆನೀತಾ ಇದೆಯಲ್ಲಮ್ಮ!"

"ನನ್ ಮಗಳೂ ನೆನೀಲಿ."

ಅಕ್ಕಿಯನ್ನು ತೆಗೆದ ನಂತರವೇ ಮಗುವನ್ನು ಕೂರಿಸಲಾಯಿತು ಎಂದು ಪಾಕ್ ತುಕಿರಾನ್ ಹೇಳುತ್ತಾರೆ. ಮಗುವಿನ ತೊಡೆಗೆ ಅಂಟಿದ್ದ ಅಕ್ಕಿಕಾಳುಗಳು ಬೇರೆಯೇ ಹೇಳುತ್ತವೆ. ಅಂದಿನ ಅನ್ನದಲ್ಲಿ ತೆಲೋನ್ ಎಣ್ಣೆಯ ಪರಿಮಳವಿತ್ತೆಂದು ಹಲವರು ದೂರಿದ್ದಾರೆ. ಕೆಳಗೆ ಸಹಿ ಮಾಡಿರುವವರು ಸದರಿ ಅನ್ನವನ್ನು ಪರಿಶೀಲನೆಗಾಗಿ ಎರಡು ಸಲ ಹಾಕಿಸಿಕೊಂಡಿದ್ದು, ಅಜೀರ್ಣ ಕಂಡುಬಂದಿರುವುದಿಲ್ಲ.

ಈ ಹಿನ್ನೆಲೆಯಲ್ಲಿ, ಮುಂದಿನ ಪ್ರಯಾಣಗಳಲ್ಲಿ ಕೆಳಕಂಡ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸುವಂತೆ ಸಂಬಂಧಪಟ್ಟ ಎಲ್ಲ ಸಿಬ್ಬಂದಿಗೂ ತಾಯಂದಿರಿಗೂ ಮಕ್ಕಳಿಗೂ ತಾಕೀತು ಮಾಡಲಾಗಿದೆ:

೧. 'ನಾಲ್ಕು ಗಂಟೆ' ಎಂದರೆ ಹಡಗಿನ ಗಡಿಯಾರದ ನಾಲ್ಕು ಗಂಟೆ. ತಾಯಿಯ ಫೋನು, ಮಗುವಿನ ಹಸಿವು ಹಾಗೂ ಅತ್ತೆಯ ಅಂದಾಜನ್ನು ಅಧಿಕೃತ ಸಮಯವೆಂದು ಪರಿಗಣಿಸಲಾಗುವುದಿಲ್ಲ.

೨. ಅಕ್ಕಿ ತೊಳೆಯುವ ಬೋಸಿಯಲ್ಲಿ ಒಂದು ಸಲಕ್ಕೆ ಅಕ್ಕಿ ಅಥವಾ ಮಗು, ಇವೆರಡರಲ್ಲಿ ಒಂದನ್ನು ಮಾತ್ರ ತೊಳೆಯತಕ್ಕದ್ದು.

೩. ನೀರಿಗೆ ಬಿದ್ದವರಿಗೆಂದು ಇರಿಸಿರುವ ರಬ್ಬರ್ ಬಳೆಯನ್ನು ನೆಲಕ್ಕೆ ಹಾಕಿ, ಮೇಲೆ ಪ್ಲಾಸ್ಟಿಕ್ ಹಾಸಿ, ನೀರು ತುಂಬಿ ಟಬ್ಬು ಮಾಡಿಕೊಳ್ಳುವ ಅಭ್ಯಾಸವು ವಿಭಾಗದ ಗಮನಕ್ಕೆ ಬಂದಿದೆ. ಉಪಾಯ ಮೆಚ್ಚತಕ್ಕದ್ದಾದರೂ ನಿಷೇಧಿಸಲಾಗಿದೆ. ನಿಷೇಧದ ನಡುವೆಯೂ ಹಾಗೆ ಮಾಡಿದ್ದು, ಆಗ ಯಾರಾದರೂ ಸಮುದ್ರಕ್ಕೆ ಬಿದ್ದಲ್ಲಿ, ಮೊದಲು ಮಗುವನ್ನು ಎತ್ತಿಕೊಂಡು ಅನಂತರ ಬಳೆಯನ್ನು ಎಸೆಯತಕ್ಕದ್ದು. ಈ ಅನುಕ್ರಮವನ್ನು ಯಾವ ಕಾರಣಕ್ಕೂ ಬದಲಿಸತಕ್ಕದ್ದಲ್ಲ.

೪. ನೀರಿಗೆ ಇಳಿಯಲು ಒಪ್ಪದ ಮಗುವಿಗೆ ಲಿಖಿತ ನೋಟಿಸು ನೀಡತಕ್ಕದ್ದು. ಓದಲು ಬಾರದ ಮಗುವಿನ ವಿಷಯದಲ್ಲಿ ನೋಟಿಸನ್ನು ಸೋಪಿನ ಡಬ್ಬಿಗೆ ಅಂಟಿಸಿದರೆ ಜಾರಿಯಾದಂತೆ. ಮಗು ನೋಟಿಸನ್ನು ತಿಂದಲ್ಲಿ ಸ್ವೀಕೃತಿ ದೊರೆತಂತೆ.

೫. ಇಳಿದ ನಂತರ ಮೇಲೇಳಲು ಒಪ್ಪದ ಮಗುವಿಗೂ ಇದೇ ನಿಯಮವನ್ನು ತಲೆಕೆಳಗಾಗಿ ಅನ್ವಯಿಸತಕ್ಕದ್ದು. (ನಿಯಮವನ್ನು, ಮಗುವನ್ನಲ್ಲ.)

೬. ಸ್ನಾನದ ನೀರಿಗೆ ಮಗುವು ತನ್ನ ಕಡೆಯಿಂದ ಏನನ್ನಾದರೂ ಸೇರಿಸಿದಲ್ಲಿ, ಅದು ಬೆಚ್ಚಗಿದ್ದರೂ ಬಿಸಿನೀರಿನ ಲೆಕ್ಕಕ್ಕೆ ಬರುವುದಿಲ್ಲ.

೭. ಸೋಪು ಹಚ್ಚಿದ ಸ್ಥಿತಿಯಲ್ಲಿ ತಪ್ಪಿಸಿಕೊಂಡ ಮಗುವನ್ನು ಚುಕ್ಕಾಣಿ ಕೋಣೆಯವರೆಗೆ ಅಟ್ಟಿಸಿಕೊಂಡು ಹೋಗಲು ಸಿಬ್ಬಂದಿಗೆ ಅಧಿಕಾರವಿದೆ. ಹಿಡಿಯಲು ಅಧಿಕಾರವಿದೆ, ಹಿಡಿತ ಸಿಗುವುದೆಂಬ ಖಾತರಿಯನ್ನು ವಿಭಾಗ ನೀಡುವುದಿಲ್ಲ. ಬರಿಮೈಯ ಮಗುವು ಕ್ಯಾಪ್ಟನ್ ಅವರ ಕುರ್ಚಿಯಲ್ಲಿ ಕುಳಿತ ಪಕ್ಷದಲ್ಲಿ, ಅದು ಏಳುವವರೆಗೆ ಹಡಗಿನ ವೇಗವನ್ನು ಹೆಚ್ಚಿಸತಕ್ಕದ್ದಲ್ಲ.

೮. ಇಳಿಯುವ ಏಣಿಯಲ್ಲಿ ನೂಕುನುಗ್ಗಲಿದ್ದಾಗ ಮಕ್ಕಳನ್ನು ಜನರ ತಲೆಯ ಮೇಲಿಂದ ಕೈಯಿಂದ ಕೈಗೆ ದಾಟಿಸುವುದು ವಾಡಿಕೆ. ಇನ್ನು ಮುಂದೆ ಸ್ನಾನವಾದ ಮಗುವನ್ನು ದಾಟಿಸುವ ಕೈಗಳೂ ಸ್ನಾನ ಮಾಡಿರತಕ್ಕದ್ದು.

ಎಂಟನೆಯ ನಿಯಮಕ್ಕೆ ಕಾರಣವಾದ ಸಂಗತಿ ಹೀಗಿದೆ. ಬೋಸಿಯಿಂದ ಹೊರಬಂದ ಗೆಂದಿಸ್ ಗಮಗಮಿಸುತ್ತಿದ್ದಳು. ಏಣಿಯ ತುದಿಯಲ್ಲಿ ಬು ವಿದಾರ್ತಿ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಗಂಟು ಹಿಡಿದು ಸಿಕ್ಕಿಹಾಕಿಕೊಂಡರು. ಅವರು ಬೇಡ ಬೇಡ ಎನ್ನುತ್ತಿರುವಾಗಲೇ ಜನ ಮಗುವನ್ನು ಎತ್ತಿ ದಾಟಿಸಿದರು. ಮೊದಲು ಇಂಜಿನ್ ಕೋಣೆಯ ಮೇಸ್ತ್ರಿ, ಅವನಿಂದ ಒಣಮೀನಿನ ಮೂಟೆಯವಳು, ಅವಳಿಂದ ಗ್ರೀಸ್ ಮೆತ್ತಿದ ಹಗ್ಗ ಎಳೆಯುವವನು. ಮಗು ದಡ ಮುಟ್ಟುವಾಗ ಪೌಡರ್ ಒಂದು ಕಿವಿಯ ಮೇಲೆ ಮಾತ್ರ ಉಳಿದಿತ್ತು. ಅಜ್ಜಿ ಎತ್ತಿಕೊಂಡು ಮೂಸಿದರು. ಬಹಳ ಹೊತ್ತು ಮೂಸಿದರು. ಬು ವಿದಾರ್ತಿ ಏಣಿಯ ನಡುವೆ ನಿಂತು ಅಳತೊಡಗಿದ್ದರು.

ದಡದ ಸಿಬ್ಬಂದಿ ದಾಖಲಿಸಿಕೊಂಡಂತೆ, ದಾಯೆಂಗ್ ಬಾಜಿ ಅವರು ಸೊಸೆಗೆ ಹೇಳಿದ ಮೊದಲ ಮಾತು:

"ಅಳ್ತೀಯಾಕೆ, ಬಾರೇ ಇಲ್ಲಿ. ಇವಳಜ್ಜ ಇಂಜಿನ್ ಕೆಲಸ ಮುಗ್ಸಿ ಮನೆಗೆ ಬಂದಾಗ ಥೇಟ್ ಹೀಗೇ ನಾರ್ತಿದ್ದ. ಒಳಗೇ ಸೇರಿಸ್ತಿರ್ಲಿಲ್ಲ ನಾನು, ಬೈದು ಬೈದು ಹೊರಗೇ ನೀರು ಹುಯ್ತಿದ್ದೆ. ಅವನು ಹೋದ್ಮೇಲೆ ಈ ವಾಸನೆ ಎಲ್ಲೂ ಸಿಕ್ಕಿರ್ಲಿಲ್ಲ ಕಣೇ. ಬೇರೆ ಯಾರಾದ್ರೂ ಆಗಿದ್ರೆ ಉಜ್ಜಿ ತೊಳ್ದು ತರ್ತಿದ್ರು. ತೊಳೀದೆ ತಂದ್ಯಲ್ಲ, ಪುಣ್ಯಾತಗಿತ್ತಿ."

ಬು ವಿದಾರ್ತಿ ಏಣಿಯಿಂದ ಇಳಿದು ಬಂದಿರುತ್ತಾರೆ. ಸೆರಗಿಗೆ ಅಂಟಿದ್ದ ಒಂದು ಅಕ್ಕಿಕಾಳನ್ನು ಕಿತ್ತು ಬಿಸಾಡಿ, ಅತ್ತೆಯ ಕೈಗೆ ಹಣೆ ಹಚ್ಚಿರುತ್ತಾರೆ.

ಇದನ್ನು ಓದಿ ಶಾಖೆಯ ಸಿಬ್ಬಂದಿಗೆ ಬಹಳ ಸಂತೋಷವಾಯಿತು. ಸಂತೋಷಪಡಲು ಪೂರ್ವಾನುಮತಿ ಪಡೆದಿರಲಿಲ್ಲವಾದ್ದರಿಂದ ಘಟನೋತ್ತರ ಮಂಜೂರಾತಿ ನೀಡಲಾಗಿದೆ.

ಸಹಿ/-
(ಮಾರ್ತೊನೊ)
ಉಪ ಅಧೀಕ್ಷಕರು, ಅಸೌಕರ್ಯ ಶಾಖೆ

ಪ್ರತಿಗಳು:
೧. ಹಡಗಿನ ಕ್ಯಾಪ್ಟನ್ ಅವರಿಗೆ, ಕುರ್ಚಿಯನ್ನು ಒರೆಸಿ ವರದಿ ನೀಡುವ ಸಲುವಾಗಿ.
೨. ಪಾಕ್ ತುಕಿರಾನ್ ಅವರಿಗೆ, ಎರಡನೆಯ ಬೋಸಿಗೆ ಬೇಡಿಕೆ ಸಲ್ಲಿಸುವ ಸೂಚನೆಯೊಂದಿಗೆ.
೩. ಕುಮಾರಿ ಗೆಂದಿಸ್ ಅವರಿಗೆ, ತಿನ್ನಲು.
೪. ಬು ವಿದಾರ್ತಿ ಅವರಿಗೆ, ಓದಿ ಹರಿದುಹಾಕುವ ಸಲುವಾಗಿ.
೫. ದಾಯೆಂಗ್ ಬಾಜಿ ಅವರಿಗೆ: ಯಾವುದೇ ಕಾರಣಕ್ಕೂ ಕಳುಹಿಸತಕ್ಕದ್ದಲ್ಲ. ಹಡಗಿನಲ್ಲಿ ಮಗುವಿಗೆ ಸ್ನಾನವೇ ಆಗಿರುವುದಿಲ್ಲವೆಂದು ಅವರು ನಂಬಿದ್ದು, ವಿಭಾಗವೂ ಹಾಗೆಯೇ ನಂಬತಕ್ಕದ್ದು.