ಕಾಣಬಾರದ ಕಂಬಕ್ಕೊಂದು ಕೆಂಪಂಗಿ

ಹೈಟೆನ್ಷನ್ ಲೈನಿನ ಕಂಬ ನಿಲ್ಲಿಸೋರು ನಾವು. ಈ ಕೆಲಸದಾಗ ನಗೋ ಹಂಗ ಏನಾರ ಒಂದು ಆಗ್ತಾನೇ ಇರತೈತಿ. ಹೇಳಾಕ ಕುಂತರ ನನ್ನ ಹೆಂಡತಿನೂ ನಡುವ ಬರ್ತಾಳ. ಆಕಿ ತೀರಿಕೊಂಡು ವರ್ಷದ ಮ್ಯಾಲಾತು. ಬರಲಿ ಬಿಡ್ರಿ.

ಆಕಿಗೆ ಇದ್ದದ್ದು ಒಂದ ಆಸೆ. ನಾ ನಿಲ್ಲಿಸಿದ ಕಂಬ ಒಮ್ಮೆ ಕಣ್ಣಾರೆ ನೋಡಬೇಕು. "ಹಗಲೆಲ್ಲಾ ಎಲ್ಲಿ ಏರಿ ಕುಂತಿರ್ತೀರಿ, ನನಗೂ ಗೊತ್ತಾಗಲಿ" ಅಂತಿದ್ದಳು.

೧. ಬಂಡಿಗಲ್ಲಿನ ಬಣ್ಣ

ಮೊದಲು ನಾಲ್ಕು ಕಾಲಿನ ದೊಡ್ಡ ಟವರ್ ಇರತಿದ್ದವು. ಭಾಳ ದೂರದಿಂದ ಕಾಣತಿದ್ದವು. ಆಗ ಆಕಿ ಊರಾಗಿದ್ದಳು. ಆಕಿ ಹೈದರಾಬಾದಿಗೆ ಬಂದಳು, ಇಲ್ಲಿ ಪದ್ಧತಿ ಬದಲಾತು. ಈಗ ಒಂಟಿ ಕಂಬ. ಜಾಗ ಕಡಿಮಿ ಹಿಡೀಬೇಕು, ಗಿಡ ಕಡಿಯಂಗಿಲ್ಲ, ನೋಡೋರ ಕಣ್ಣಿಗೆ ಬೀಳಬಾರದು. ಶಂಶಾಬಾದ್ ಕಡೆ ಗುಡ್ಡದ ಪಕ್ಕ ನಿಲ್ಲಿಸಿದ ಕಂಬಕ್ಕ ಗುಡ್ಡದ ಕಲ್ಲಿನ ಬಣ್ಣನೇ ಬಳಿದೆವು.

ಒಂದು ಆದಿತ್ಯವಾರ ಆಕಿನ್ನ ಬಸ್ಸಿನಾಗ ಕರ್ಕೊಂಡು ಹೋದೆ. ರಸ್ತೆ ಬದಿಗೆ ನಿಂತು ಕೈ ತೋರಿಸಿದೆ. ಆಕಿಗೆ ಕಾಣಲಿಲ್ಲ. ಹಣಿಗೆ ಕೈ ಅಡ್ಡ ಹಿಡಿದು ನೋಡಿದೆ. ನನಗೂ ಕಾಣಲಿಲ್ಲ. ಅಲ್ಲೇ ಕುಂತು ಕಟ್ಟಿಕೊಂಡು ಹೋದ ರೊಟ್ಟಿ ತಿಂದೆವು. ಬಸ್ ಹತ್ತೋವಾಗ ಆಕಿ ಅಂದಳು, "ಕೆಲಸ ಛಲೋ ಮಾಡೀರಿ. ಮಾಡಿದವರಿಗೇ ಸಿಗವಲ್ದು."

೨. ಉಪ್ಪಲ್‌ನ ಡಾಂಬರು

ಮುಂದಿನ ಕೆಲಸ ಉಪ್ಪಲ್‌ನಾಗ. ಅಲ್ಲಿ ಕಂಬನೂ ಇಲ್ಲ. ರಸ್ತೆ ಅಗೆದು, ದಪ್ಪ ಕೇಬಲ್ ಹಾಸಿ, ಮುಚ್ಚಿ, ಮ್ಯಾಲ ಡಾಂಬರು. ಮುಗಿದ ಮ್ಯಾಲ ಆಕಿನ್ನ ಅಲ್ಲಿ ನಿಲ್ಲಿಸಿ, ಇದರ ಕೆಳಗ ಐತಿ ಅಂದೆ. ಆಕಿ ಬಗ್ಗಿ ನೋಡಿದಳು. ನಾನೂ ಬಗ್ಗಿದೆ. ಹಿಂದ ಬಂದ ಆಟೋದವ ಇಳಿದು ತಾನೂ ಬಗ್ಗಿದ. ಇನ್ನಿಬ್ಬರು ಬಂದರು. ಏನು ಕಳಕೊಂಡೀರಮ್ಮ ಅಂತ ಕೇಳಿದರು.

"ಏನೂ ಇಲ್ರಪ್ಪ" ಅಂದಳು. "ನಮ್ಮ ಮನಿಯವ್ರು ನನಗ ಡಾಂಬರು ತೋರಿಸಾಕ ಕರ್ಕೊಂಡು ಬಂದಾರ."

೩. ದೃಷ್ಟಿ ಗೊಂಬಿ

ಮತ್ತ ಶಂಶಾಬಾದ್ ಕಡೆ, ಕೆರಿ ದಂಡಿಗೆ ಒಂದು ಕಂಬ. ಇದಕ್ಕ ಮೋಡದ ಬಣ್ಣ. ಹೊಸದು ಏನು ಕಟ್ಟಿದರೂ ದೃಷ್ಟಿ ತಾಗಬಾರದು ಅಂತ ಗೊಂಬಿ ಕಟ್ಟೋದು ನಮ್ಮ ಮಂದಿ ರೂಢಿ. ಸುಲ್ತಾನ್ ಬಜಾರಿನಾಗ ಕೊಂಡಿದ್ದ ನನ್ನ ಹಳೆ ಕೆಂಪಂಗಿಯೊಳಗ ಆಕಿ ಅರಿವಿ ತುಂಬಿ ಹೊಲಿದು ಕೊಟ್ಟಳು. ಹಲ್ಲು, ಮೀಸಿ ಎಲ್ಲಾ ಬರೆದಿದ್ದಳು. ತಂತಿಗಿಂತ ಭಾಳ ಕೆಳಗ ಕಟ್ಟಿದೆವು.

ಲೈನಿಗೆ ಕರೆಂಟ್ ಬಿಟ್ಟ ಮ್ಯಾಲ ಕಂಬ ಎಷ್ಟು ಕಾಣತೈತಿ ನೋಡಾಕ ದೊಡ್ಡ ಸಾಹೇಬ್ರು ಬಂದರು. ಆಚೆ ದಂಡಿಗೆ ನಿಂತರು. ಕಂಬ ಯಾರಿಗೂ ಕಾಣಲಿಲ್ಲ. ಆಕಾಶದಾಗ ಕೆಂಪಂಗಿ ತೊಟ್ಟು, ಕೈ ಚಾಚಿ ನಿಂತ ಮನಿಷ್ಯಾ ಎಲ್ಲರಿಗೂ ಕಂಡ.

ಅವರು ಹೋದ ಮ್ಯಾಲ ನಮ್ಮ ಇಂಜಿನಿಯರ್ ಕರೆದ. ತೆಲುಗಿನ ಹುಡುಗ, ಒಳ್ಳೆಯವ. ವಯಸ್ಸಿಗೆ ಹಿರಿಯ ಅಂತ ನನ್ನ ತೆಲುಗಿನಾಗ ಪೆದ್ದಾಯನಾ ಅಂತಿದ್ದ. "ಪೆದ್ದಾಯನಾ, ಕಾಣದ ಕಂಬಕ್ಕ ಯಾರ ದೃಷ್ಟಿ ತಾಗತೈತಿ?"

೪. ಇಳಿಸೋದು

ಇಳಿಸಬೇಕು ಅಂದ. ಆದರ ಏರಬೇಕಂದರ ಲೈನ್ ಬಂದ್ ಆಗಬೇಕು. ಒಂದು ಗೊಂಬಿ ಸಲುವಾಗಿ ಇಷ್ಟು ಮಂದಿ ಕರೆಂಟ್ ತೆಗೀರಿ ಅಂತ ಯಾವ ಬಾಯಿಲೆ ಕೇಳಲಿ ಅಂತ ಅವನೇ ಅಂದ. ರಿಪೇರಿಗೆ ಬಂದ್ ಆದಾಗ ನೋಡೋಣು ಅಂತ ಬಿಟ್ಟ.

ಆ ಆದಿತ್ಯವಾರ ಆಕಿನ್ನ ಕರ್ಕೊಂಡು ಹೋದೆ. ಆಗಲೇ ಜಡ್ಡು ಬಿದ್ದು ಆಕಿ ಮೈಯಾಗ ಶಕ್ತಿ ಇರಲಿಲ್ಲ. ಕೆರಿ ತಿರುವಿಗೆ ಬಸ್ಸಿನಾಗ ಎದ್ದು ನಿಂತಳು. "ಅಗೋ, ನಿಮ್ಮ ಅಂಗಿ." ಬಸ್ಸಿನ ಮಂದಿಗೆಲ್ಲಾ ತೋರಿಸಿದಳು. ಅದೇ ಕಡೀ ಸಲ ಆಕಿ ಹೊರಗ ಬಂದದ್ದು.

ಮೊನ್ನೆ ಲೈನ್ ಬಂದ್ ಆತು. ಇಂಜಿನಿಯರ್ ಮರೆತಿರಲಿಲ್ಲ. ಹಗ್ಗ ತಗೊಂಡು ಅವನ ಹಿಂದ ಹೋದೆ. ಆಕಿ ಹೊಲಿದ ಗೊಂಬಿ ನನ್ನ ಕೈಯಿಂದಲೇ ಇಳಿಸಬೇಕಲ್ಲ ಅಂತ ಬೇಕಂತಲೇ ನಿಧಾನ ನಡೆದೆ.

ಆಚೆ ದಂಡಿಗೆ ನಿಂತು ಅವ ನೋಡಿದ. ಕನ್ನಡಕ ಒರೆಸಿ ಮತ್ತ ನೋಡಿದ. ಬಿಸಿಲಿಗೆ ಕೆಂಪು ಹಾರಿ, ಅಂಗಿ ಕಂಬದ ಬಣ್ಣಕ್ಕೇ ಬಂದಿತ್ತು. ಎಲ್ಲೈತಿ ಅಂದ. ಅಲ್ಲೇ ಐತಿ ಅಂದೆ.

"ನನಗಂತೂ ಕಾಣವಲ್ದು. ಕಾಣಲಿಲ್ಲಂದ್ರ ಪ್ಲಾನಿನ ಪ್ರಕಾರನೇ ಐತಿ, ಪೆದ್ದಾಯನಾ. ಹಗ್ಗ ಸುತ್ತು."