ಮೊದಲ ಸ್ಥಾನ ಕೊಟ್ಟು ನನ್ನ ಸಂಜೆಗಳನ್ನು ಕಿತ್ತುಕೊಂಡ ಮುಖ್ಯೋಪಾಧ್ಯಾಯಿನಿಯವರಿಗೆ

ಮಾನ್ಯ ಮುಖ್ಯೋಪಾಧ್ಯಾಯಿನಿಯವರೇ,

ತಮ್ಮ ಕನ್ನಡಕದ ಗಾಜಿಗೆ ಎಂದೂ ಧೂಳು ತಾಗದಿರಲಿ, ತಮ್ಮ ಗಂಟಲು ಧ್ವನಿವರ್ಧಕದ ಹಂಗಿಲ್ಲದೆ ಕೊನೆಯ ಬೆಂಚಿನವರೆಗೂ ಮೊಳಗುತ್ತಿರಲಿ ಎಂದು ಹಾರೈಸಿ, ಏಳನೆಯ ತರಗತಿಯ ಕಿಟಕಿ ಪಕ್ಕದಲ್ಲಿ ಕೂರುವ, ಮನೆಯಲ್ಲೂ ಬೀದಿಯಲ್ಲೂ ‘ಬುಗುರಿ’ ಎಂದೇ ಕರೆಸಿಕೊಳ್ಳುವ ನಾನು, ಶಾಲೆಯ ಗೋಡೆಪತ್ರಿಕೆಯ ಮೂಲಕ ತಮ್ಮ ಸನ್ನಿಧಿಗೆ ಈ ದೂರನ್ನು ಅತ್ಯಂತ ವಿನಯದಿಂದ ಅಂಟಿಸುತ್ತಿದ್ದೇನೆ. ದೂರು ಚಿಕ್ಕದು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ತಾವು ನನಗೆ ಮೊದಲ ಸ್ಥಾನ ಕೊಟ್ಟುಬಿಟ್ಟಿರಿ. ಕೊಡುವ ಮೊದಲು ನನ್ನನ್ನೊಂದು ಮಾತು ಕೇಳಬಾರದಿತ್ತೇ?

ನಮ್ಮ ತಂದೆಯವರ ಪರಿಚಯ ತಮಗೆ ಬೇಕಾದ್ದಕ್ಕಿಂತ ಹೆಚ್ಚೇ ಆಗಿದೆಯಾದರೂ ಉಳಿದ ಓದುಗರಿಗಾಗಿ ಹೇಳುತ್ತೇನೆ: ಅವರು ಹೇಳದೆ ಕೇಳದೆ ಬಸ್ಸು ಹತ್ತಿ ಪ್ರಯಾಣಿಕರ ಟಿಕೆಟ್ ತಪಾಸಣೆ ಮಾಡುವವರು. ಕಿಟಕಿಯಾಚೆ ನೋಡುತ್ತಾ ಹಾಯಾಗಿ ಸಿಳ್ಳೆ ಹಾಕುವವನ ಬಳಿ ಟಿಕೆಟ್ ಇರುವುದಿಲ್ಲ, ಇರುವವನು ಎಲ್ಲಿಟ್ಟೆನೋ ಎಂದು ಜೇಬು ತಡಕುತ್ತಾ ಬೆವರುತ್ತಿರುತ್ತಾನೆ ಎಂಬುದು ಅವರು ತಲೆ ನರೆಸಿಕೊಂಡು ಕಂಡುಕೊಂಡ ಸತ್ಯ. ಇಂಥವರ ಮುಂದೆ, ಪರೀಕ್ಷೆಯ ಹಿಂದಿನ ಸಂಜೆಯೂ ಮೊಣಕಾಲು ತರಚಿಕೊಂಡು ಹಾಡುತ್ತಾ ಮನೆಗೆ ಬಂದಿದ್ದ ಮಗಳು ಮೊದಲ ಸ್ಥಾನದ ಅಂಕಪಟ್ಟಿ ಹಿಡಿದು ನಿಂತರೆ ಅವರಾದರೂ ಏನು ಮಾಡಿಯಾರು? ಹಾಳೆಯನ್ನು ಬೆಳಕಿಗೆ ಹಿಡಿದರು. ತಾವು ಹಾಕಿದ್ದ ಸಹಿಯನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಬಸ್ಸಿನಲ್ಲಿ ಕೇಳುವ ಅದೇ ಮೆಲುದನಿಯಲ್ಲಿ, “ನಿಜ ಹೇಳು ಪುಟ್ಟಿ, ಇದು ಯಾರದ್ದು?” ಎಂದರು. “ನಂದೇ ಅಪ್ಪ” ಎಂದರೆ, “ಎಲ್ರೂ ಹಂಗೇ ಅನ್ನೋದು” ಎಂದರು. ಔಷಧದಂಗಡಿಯಲ್ಲಿ ಇಡೀ ದಿನ ನಿಂತು ಬಂದು ಆಗಷ್ಟೇ ಕಾಲು ಚಾಚಿದ್ದ ಅಮ್ಮ ಒಳಗಿನಿಂದಲೇ, “ಅಯ್ಯೋ, ಮಗು ಬೆನ್ನಾದ್ರೂ ತಟ್ರೀ! ಮನೇಲೂ ಏನ್ರೀ ನಿಮ್ಮ ಚೆಕಿಂಗು?” ಎಂದು ಕೂಗಿದ್ದು ಅರಣ್ಯರೋದನವಾಯಿತು.

ಮಕ್ಕಳಿಗೆ ಅಂಕ ಕಡಿಮೆ ಬಂತೆಂದು ಜಗಳಕ್ಕೆ ಬರುವ ತಂದೆಯರನ್ನು ತಾವು ಎಷ್ಟೋ ಮಂದಿ ಕಂಡಿದ್ದೀರಿ. ಹೆಚ್ಚು ಬಂತೆಂದು ಸಮವಸ್ತ್ರದಲ್ಲೇ ಬಂದು ನ್ಯಾಯ ಕೇಳಿದವರು ಇವರೊಬ್ಬರೇ ಇರಬೇಕು. ಆಗ ತಾವು ತೋರಿದ ಔದಾರ್ಯವನ್ನು ನಾನು ಬದುಕಿರುವವರೆಗೂ ಮರೆಯಲಾರೆ. “ನಮ್ಮ ಹುಡುಗಿ ಅಂಥವಳಲ್ಲ” ಎಂಬ ಸವಕಲು ಮಾತಾಡಿ ಅವರ ಸಮಯ ಹಾಳುಮಾಡದೆ, “ನನಗೂ ಒಳಗೊಳಗೇ ಅನುಮಾನ ಇತ್ತು ಬಿಡಿ” ಎಂದು ಕುರ್ಚಿ ಎಳೆದು ಕೂರಿಸಿ, ಅಲ್ಲೇ ಹೊಸ ಪ್ರಶ್ನೆಪತ್ರಿಕೆ ಬರೆದು, ನನ್ನನ್ನು ಕರೆಸಿಕೊಂಡಿರಿ. ಚೀಟಿ ಅಡಗಿಸಿದ್ದೇನೆಯೇ ಎಂದು ತಂದೆಯವರು ನನ್ನ ಅಂಗಿಯ ತೋಳುಗಳನ್ನು ಮಡಿಸಿ ನೋಡಿದರು, ತಾವು ಜಡೆ ಬಿಚ್ಚಿ ನೋಡಿದಿರಿ. ಆ ಮರುಪರೀಕ್ಷೆಯಲ್ಲಿ ಮೊದಲಿಗಿಂತ ಹೆಚ್ಚು ಅಂಕ ಬಂದದ್ದಕ್ಕೆ ಬೇಷರತ್ ಕ್ಷಮೆ ಕೋರುತ್ತೇನೆ. ಬೀದಿಯಲ್ಲಿ ಅಷ್ಟು ಹೊತ್ತಿಗೆ ಆಟ ಶುರುವಾಗಿತ್ತಾದ್ದರಿಂದ, ತಪ್ಪು ಬರೆಯುವಷ್ಟು ಪುರುಸೊತ್ತು ನನಗಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಪತ್ರಕ್ಕೆ ಅಂಟು ಖರ್ಚು ಮಾಡುತ್ತಿರಲಿಲ್ಲ. ಮರುದಿನ ಪ್ರಾರ್ಥನೆಯ ಸಾಲಿನ ಮುಂದೆ ನನ್ನನ್ನು ನಿಲ್ಲಿಸಿ, ಹೇಗೆ ಓದಿದೆಯೆಂದು ಚಿಕ್ಕವರಿಗೆ ತಿಳಿಸಿಕೊಡು ಎಂದು ಅಪ್ಪಣೆ ಕೊಡಿಸಿದಿರಿ. ಸತ್ಯವನ್ನೇ ಹೇಳಬೇಕೆಂದು ಅದೇ ವೇದಿಕೆಯಿಂದ ವರ್ಷವಿಡೀ ತಾವೇ ಹೇಳುವವರಾದ್ದರಿಂದ ನಾನು ಸತ್ಯವನ್ನೇ ಹೇಳತೊಡಗಿದೆ: ನಮ್ಮ ಬೀದಿ ಇಕ್ಕಟ್ಟಿನದು, ಚೆಂಡು ದರ್ಜಿಯಂಗಡಿಯ ಶಟರ್‌ಗೆ ಬಡಿದರೆ ಅರ್ಧ ಗೋಲು, ಕ್ಷೌರದಂಗಡಿಯ ಫಲಕಕ್ಕೆ ತಾಗಿದರೆ ಕಾಲು ಗೋಲು, ಸೈಕಲ್ಲಿನಲ್ಲಿ ಹೋಗುವವರಿಗೆ ಬಡಿದರೆ ಮೂರನೇ ಒಂದು ಭಾಗ ಕಡಿತ, ಕೈ ಕೈ ಮಿಲಾಯಿಸುವುದರೊಳಗೆ ಲೆಕ್ಕ ಕೂಡಿಸಿ ಹೇಳದಿದ್ದರೆ ಗೆದ್ದ ಪಂದ್ಯವೂ ನಮ್ಮದಲ್ಲ, ಹಾಗಾಗಿ ಭಿನ್ನರಾಶಿಯೆಂದರೆ ನನಗೆ ನೀರು ಕುಡಿದಷ್ಟು ಸುಲಭ. ಅಷ್ಟರಲ್ಲಿ ತಾವು ಮೈಕು ಕಸಿದುಕೊಂಡು, “ಮಗು ತಮಾಷೆ ಮಾಡ್ತಿದೆ. ಅವಳು ಬೆಳಗಿನ ಜಾವ ಎದ್ದು ಓದೋಳು” ಎಂದು ಘೋಷಿಸಿದಿರಿ. ಬೆಳಗಿನ ಜಾವವನ್ನು ನಾನು ಈವರೆಗೆ ಪಠ್ಯಪುಸ್ತಕದ ಪದ್ಯಗಳಲ್ಲಿ ಮಾತ್ರ ಕಂಡಿದ್ದೇನೆ.

ಗೇಟಿನ ಬಳಿ ನಿಂತು ಕೇಳುತ್ತಿದ್ದ ತಂದೆಯವರು ಹೆತ್ತ ಮಗಳ ಮಾತು ಬಿಟ್ಟು ತಾವು ಮೈಕಿನಲ್ಲಿ ಹೇಳಿದ್ದನ್ನೇ ನಂಬಿದರು. ಮನೆಗೆ ಬಂದವರೇ, “ಬೆಳಗಿನ ಜಾವ ಒಂದೇ ಓದಿ ಇಷ್ಟು ತಗೊಂಡಿದೀಯ, ಆಡೋದು ಬಿಟ್ಟು ಸಂಜೇನೂ ಓದಿದ್ರೆ ಇನ್ನೆಷ್ಟು ತಗೋಬೇಡ!” ಎಂದು ಚೆಂಡಿನ ಗಾಳಿ ತೆಗೆದು, ಚಪ್ಪಟೆಯಾದ ಅದನ್ನು ಬೀರುವಿನ ಮೇಲಿನ ಸೂಟ್‌ಕೇಸಿನೊಳಗಿಟ್ಟು ಬೀಗ ಜಡಿದರು. ಅಂದಿನಿಂದ ಸಂಜೆಯೆಂದರೆ ನನಗೆ ಗೋಡೆಗೆ ಮುಖ ಮಾಡಿದ ಒಂದು ಕುರ್ಚಿ. ಕೆಳಗಿನಿಂದ “ಬುಗುರೀ, ಬರಲ್ವೇನೇ?” ಎಂದು ಕೂಗು ಬಂದರೆ, ತಂದೆಯವರು ಕಿಟಕಿಗೆ ತಲೆಹಾಕಿ, “ಅವಳೀಗ ಬುಗುರಿ ಅಲ್ಲ ಕಣ್ರೋ, ಫಸ್ಟ್ ರ‍್ಯಾಂಕು!” ಎನ್ನುತ್ತಾರೆ. ನನ್ನ ಜಾಗದಲ್ಲಿ ಗೋಲು ಕಾಯುವವನು ಚೆಂಡು ಬರುವುದು ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಾನಂತೆ. ನಮ್ಮ ತಂಡ ಸೋಲುವ ಸದ್ದನ್ನು ನಾನು ದಿನವೂ ಗೋಡೆ ನೋಡುತ್ತಾ ಕೇಳಿಸಿಕೊಳ್ಳುತ್ತೇನೆ.

ತಮ್ಮ ವಿಧಾನದ ಫಲವೂ ಬಂದಿದೆ. ಕಳೆದ ಕಿರುಪರೀಕ್ಷೆಯಲ್ಲಿ ನಾನು ತರಗತಿಯ ನಟ್ಟನಡುವೆ ಬಂದು ಬಿದ್ದೆ. ತಾವು ತಂದೆಯವರನ್ನು ಕರೆಸಿ, “ಇನ್ನೂ ಸ್ವಲ್ಪ ಆಟ ಕಡಿಮೆ ಮಾಡಿಸಿ” ಎಂದಿರಿ. ಕಡಿಮೆ ಮಾಡಲು ಇನ್ನು ಆಟ ಎಲ್ಲಿದೆ? ಆದರೂ ಅವರು ಮನೆಯ ಮೂಲೆಮೂಲೆಯಲ್ಲಿ ಹುಡುಕಿ, ನಾನು ಮೆಟ್ಟಿಲನ್ನು ಎರಡೆರಡಾಗಿ ಹಾರುವುದನ್ನೂ ಸ್ನಾನದ ಮನೆಯಲ್ಲಿ ಹಾಡುವುದನ್ನೂ ಪತ್ತೆಹಚ್ಚಿ ನಿಲ್ಲಿಸಿದ್ದಾರೆ.

ಆದ್ದರಿಂದ ಮಾನ್ಯರೇ, ದಯವಿಟ್ಟು ಆ ಮೊದಲ ಸ್ಥಾನವನ್ನು ಹಿಂದಕ್ಕೆ ಪಡೆದು, ಬೆಳಗಿನ ಜಾವ ನಿಜವಾಗಿ ಎದ್ದು ತೂಕಡಿಸುವ ಯಾರಾದರೂ ಪುಣ್ಯಾತ್ಮರ ತಲೆಗೆ ಕಟ್ಟಿರಿ. ಅದಾಗದಿದ್ದರೆ, ‘ಈಕೆ ಆಡಿದ್ದರಿಂದಲೇ ಕಲಿತಳು’ ಎಂದು ಶಾಲೆಯ ಮೊಹರು ಒತ್ತಿ ಬರೆದುಕೊಡಿರಿ. ಅದೂ ಆಗದಿದ್ದರೆ ಒಂದು ಸಂಜೆ ತಾವೇ ಬಂದು ದರ್ಜಿಯಂಗಡಿಯ ಮುಂದೆ ಗೋಲು ಕಾಯಿರಿ. ಕಣ್ಣು ಮುಚ್ಚಿಕೊಳ್ಳುವುದರಲ್ಲಿ ತಮಗಿರುವ ಅನುಭವದ ಮುಂದೆ ಈಗಿನ ಹುಡುಗ ಯಾವ ಲೆಕ್ಕ?

ಆಟಕ್ಕೆ ಬಿಟ್ಟರೆ ಇನ್ನೂ ಹೆಚ್ಚು ವಿಧೇಯಳಾಗಬಲ್ಲ,
ತಮ್ಮ ವಿಶ್ವಾಸಿ,
ಬುಗುರಿ

ಮರೆತ ಮಾತು: ಈ ಪತ್ರವನ್ನು ಮೂರು ಸಂಜೆ ಅದೇ ಕುರ್ಚಿಯಲ್ಲಿ ಕೂತು, ಪಾಠ ಒಂದಕ್ಷರ ಓದದೆ, ಹುಬ್ಬು ಗಂಟಿಕ್ಕಿಕೊಂಡು ಬರೆದೆ. ತಂದೆಯವರು ಬಾಗಿಲಲ್ಲಿ ಇಣುಕಿ, ಅಮ್ಮನಿಗೆ “ಶ್, ಸದ್ದು ಮಾಡ್ಬೇಡ, ಮಗು ಓದ್ತಿದೆ” ಎಂದು ಪಿಸುಗುಟ್ಟಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋದರು. ಈ ಸಲ ಅವರಿಗೆ ಕಿಂಚಿತ್ತೂ ಅನುಮಾನ ಬರಲಿಲ್ಲ.