ಅಪ್ಪನ ಗಾಡಿಯ ಒರಿಜಿನಲ್ ಸಾಮಾನು

ಹಳೇ ಮೋಟಾರ್ ಸೈಕಲ್ ಇಟ್ಟುಕೊಂಡವರು ಬಿಡಿಭಾಗ ಹುಡುಕಬೇಕಾಗುತ್ತದೆ, ಬುದ್ಧಿ ಹೇಳುವವರನ್ನು ಹುಡುಕಬೇಕಿಲ್ಲ. ಅವರು ತಾವಾಗೇ ಸಿಗುತ್ತಾರೆ, ದಿನಾ ಸಿಗುತ್ತಾರೆ. ನಾನು ಹಿರಿಯೂರು ತಾಲ್ಲೂಕಿನಲ್ಲಿ ಕುರಿ, ದನಗಳಿಗೆ ಲಸಿಕೆ ಹಾಕುವ ಕೆಲಸದವಳು. ಓಡಾಡುವುದು ತೀರಿಕೊಂಡ ಅಪ್ಪ ಬಿಟ್ಟುಹೋದ ಗಾಡಿಯಲ್ಲಿ. ಅದಕ್ಕೆ ನನಗಿಂತ ವಯಸ್ಸು ಜಾಸ್ತಿ. ಅದರ ಒರಿಜಿನಲ್ ಸಾಮಾನು ಬಳಸಬೇಕೋ, ಬಿಚ್ಚಿ ಜೋಪಾನ ಮಾಡಬೇಕೋ ಎಂಬ ಪ್ರಶ್ನೆಗೆ ಜಿಲ್ಲೆಯ ಎಲ್ಲರ ಹತ್ತಿರವೂ ಉತ್ತರವಿದೆ, ನನ್ನ ಹತ್ತಿರ ಬಿಟ್ಟು.

ಸೀಟು

ಬ್ರೇಕ್ ಸರಿಮಾಡಪ್ಪ ಅಂತ ಚಿತ್ರದುರ್ಗದ ಮೆಕ್ಯಾನಿಕ್ ಹತ್ತಿರ ಗಾಡಿ ಬಿಟ್ಟಿದ್ದೆ. ನಾಲ್ಕು ದಿನ ಬಿಟ್ಟು ಹೋದರೆ ಬ್ರೇಕ್ ಹಾಗೇ ಇದೆ, ಸೀಟು ಮಾತ್ರ ಬದಲಾಗಿದೆ. ಕೆಂಪು ರೆಕ್ಸಿನ್, ಬಿಳಿ ಅಂಚು.

"ಹಳೇದು ಹರಿದಿತ್ತಲ್ರಿ ಮೇಡಂ, ಹೊಸಾದು ಹಾಕೀನಿ" ಅಂದ, ನಾನು ಕೈ ಮುಗಿಯಬೇಕು ಎಂಬ ಮುಖದಲ್ಲಿ.

"ನಮ್ಮಪ್ಪ ಕೂತ ಸೀಟಪ್ಪ ಅದು! ಎಲ್ಲಿ?"

ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದ. ಸೀಟಿನ ನಡುವೆ ಸ್ಪಂಜು ಕುಸಿದಿದ್ದ ಗುಂಡಿಯಲ್ಲಿ ಅವನ ಕೋಳಿ ಕಾವಿಗೆ ಕೂತಿತ್ತು. ಕೈ ಚಾಚಿದೆ, ಕುಕ್ಕಿತು. ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಬೇಡಿ ಅಂತ ಊರೂರಲ್ಲಿ ಹೇಳಿಕೊಂಡು ತಿರುಗುವವಳು ನಾನೇ. ಯಾರ ಮೇಲೆ ರೇಗಲಿ?

"ಇನ್ನು ಹದಿನೇಳು ದಿನ ತಡೀರಿ" ಅಂದ. "ಹೊಸಾ ಸೀಟಿನ ಮ್ಯಾಲೆ ಕುಂಡ್ರಿಸಿ ನೋಡ್ದೆ, ಒಲ್ಲೆ ಅಂತು. ಅದಕ್ಕೂ ನಿಮ್ಮಂಗೆ ಒರಿಜಿನಲ್ಲೇ ಬೇಕಂತೆ."

ಗೀರು

ಗಾಡಿ ನೋಡಬೇಕು ಅಂತ ಹೊಳಲ್ಕೆರೆಯಿಂದ ಒಬ್ಬರು ಬಂದರು. ಅವರ ಮನೆಯಲ್ಲಿ ಇಂಥ ಏಳು ಗಾಡಿಗಳಿವೆ, ಒಂದೂ ಓಡುವುದಿಲ್ಲ; ಓಡಿಸುವುದೇ ಪಾಪ ಎಂಬುದು ಅವರ ಮತ. ಮಂಡಿಯೂರಿ ಟ್ಯಾಂಕಿನ ಮೇಲೆ ಟಾರ್ಚ್ ಬಿಟ್ಟರು.

"ಈ ಬಣ್ಣ ಮಾತ್ರ ಮುಟ್ಟಬ್ಯಾಡ್ರಿ. ಸಣ್ಣ ಗೀರು ನೋಡ್ರಿ, ಸುತ್ತುಸುತ್ತಾಗಿ ಅವೆ. ಕಾರ್ಖಾನೇಲಿ ಕೈಯಿಂದ ಪಾಲಿಶ್ ಮಾಡಿದ ಗುರುತು. ಇಂಥಾವು ಇನ್ನೆಲ್ಲೂ ಸಿಗಲ್ಲ."

ಕಾಫಿ ಹಿಡಿದು ನಿಂತಿದ್ದ ಅಮ್ಮ ಅಂದಳು: "ಯಾಕೆ ಸಿಗಲ್ಲ? ನಮ್ಮನೆ ಕುಕ್ಕರ್ ಮ್ಯಾಲೂ ಅವೆ. ಕುಕ್ಕರ್ ತಿಕ್ಕೋ ಸ್ಟೀಲ್ ನಾರಿನಾಗೇ ಹೋದ ವಾರ ಇದನ್ನೂ ತಿಕ್ಕೀನಿ."

ಸೈಲೆನ್ಸರ್

ಆ ಹೊಳಲ್ಕೆರೆಯವರೇ ಹೊರಡುವಾಗ "ಸೈಲೆನ್ಸರ್ ಆದ್ರೂ ಉಳಿಸ್ಕಳ್ರಿ" ಅಂತ ಅಂಗಲಾಚಿದರು. ಆಯ್ತು ಅಂತ ಬಿಚ್ಚಿಸಿ, ಗೋಣಿಚೀಲದಲ್ಲಿ ಸುತ್ತಿ ಮಂಚದ ಕೆಳಗಿಟ್ಟೆ. ಗಾಡಿಗೆ ಲೋಕಲ್ ಸೈಲೆನ್ಸರ್ ಹಾಕಿಸಿದೆ. ಆ ಸಲ ಜವನಗೊಂಡನಹಳ್ಳಿ ಕಡೆಯ ಕುರಿಗಾಹಿಗಳ ಹಟ್ಟಿಯಲ್ಲಿ ಇನ್ನೂರು ಕುರಿಗೆ ಲಸಿಕೆ ಹಾಕಿದ್ದೇ ಗೊತ್ತಾಗಲಿಲ್ಲ. ಯಾವಾಗಲೂ ಒದ್ದಾಡುವ ಕುರಿಗಳು ಸುಮ್ಮನೆ ನಿಂತಿದ್ದವು. ನನ್ನ ಕೈ ಪಳಗಿತು ಅಂತ ಬೀಗಿದೆ.

ಇತ್ತ ಅಮ್ಮನ ಕೊರಗು ಶುರುವಾಯಿತು. "ಮೊದ್ಲು ಗಾಡಿ ಬಂದ್ರೆ ನಿಮ್ಮಪ್ಪನೇ ಬಂದಂಗಿತ್ತು. ಈಗ ಕೊರಿಯರ್‌ನೋನು ಬಂದಂಗೈತೆ." ಮುಂದಿನ ಸುತ್ತಿನ ಲಸಿಕೆ ಹೊತ್ತಿಗೆ ಹಳೇ ಸೈಲೆನ್ಸರನ್ನೇ ಮತ್ತೆ ಹಾಕಿಸಿದೆ.

ಬೆಳಿಗ್ಗೆ ಅದೇ ಹಟ್ಟಿಯ ತಿರುವಿನಲ್ಲಿ ಗೇರ್ ಇಳಿಸಿದೆ, ಅಷ್ಟೇ. ಡುಗುಡುಗು ಸದ್ದು ಕೇಳಿದ್ದೇ ತಡ, ಕುರಿರೊಪ್ಪದೊಳಗಿದ್ದ ಟಗರೊಂದು ತಲೆ ಎತ್ತಿತು. ಮರುಕ್ಷಣ ಮುಳ್ಳುಬೇಲಿ ಕಿತ್ತುಕೊಂಡು ಇನ್ನೂರು ಕುರಿಗಳೂ ಗುಡ್ಡದ ಕಡೆ ಓಟ! ಲಸಿಕೆ ಡಬ್ಬಿಯಲ್ಲಿ ಐಸ್ ಕರಗುತ್ತಿತ್ತು. ಪೂರ್ತಿ ಕರಗಿದರೆ ಔಷಧಿಯೆಲ್ಲ ದಂಡ. ಹಟ್ಟಿಯವರು ಓಡಿದರು, ಹೆಲ್ಮೆಟ್ ತೆಗೆಯದೇ ನಾನೂ ಓಡಿದೆ. ಕುರಿಗಳನ್ನು ತಿರುಗಿಸಿ ತಂದು ಸೂಜಿ ಚುಚ್ಚಿ ಮುಗಿಸುವಷ್ಟರಲ್ಲಿ ನನ್ನ ಚೂಡಿದಾರದ ತುಂಬ ಜಾಲಿಮುಳ್ಳು.

ಹಟ್ಟಿಯ ಯಜಮಾನರು ಕಂಬಳಿ ಹಾಸಿದರು. "ಕುಂತ್ಕಳ್ರಿ ಮೇಡಂ. ಈ ಸದ್ದು ಅವಕ್ಕೆ ಚೆನ್ನಾಗಿ ನೆನಪೈತೆ. ಹೋದ ಸಲ ಬೇರೆ ಯಾರೋ ಬಂದಾರೆ ಅಂತ ಸುಮ್ಕಿದ್ವು."

ನನಗೆ ಅಳು ಬರುವುದೊಂದು ಬಾಕಿ. "ಒರಿಜಿನಲ್ ಸೈಲೆನ್ಸರ್ ಯಜಮಾನ್ರೇ, ನಮ್ಮಪ್ಪಂದು. ಏನು ಮಾಡ್ಲಿ ಹೇಳ್ರಿ?"

ಅವರು ಗಾಡಿಯನ್ನೊಮ್ಮೆ, ಮುರಿದ ಬೇಲಿಯನ್ನೊಮ್ಮೆ ನೋಡಿದರು.

"ನಿಮ್ಮಪ್ಪಂದು ಬಿಡಬ್ಯಾಡ್ರಿ, ಮನೇಲಿಟ್ಟು ಪೂಜೆ ಮಾಡ್ರಿ. ನಮ್ಮ ಹಟ್ಟಿಗೆ ಬರುವಾಗ ಮಾತ್ರ ಔಷಧಿ ಒರಿಜಿನಲ್ ತರ್ರಿ, ಸದ್ದು ಡೂಪ್ಲಿಕೇಟೇ ಇರ್ಲಿ."